ನೋವುಣ್ಣುವುದೇ ಪುರುಷಾರ್ಥವೇ?

“ಎದೆ ಕೊಯ್ದ ಮೇಲೆ ನೋವಿಲ್ಲದೆ ಇರುತ್ತದೆಯೇ? ಸಹಿಸಿಕೊಳ್ಳಿ.” ಹಾಸಿಗೆಯ ಬಳಿ ನಿಂತು ಬಂಧುಗಳು ನೀಡುವ ಈ ಉಪದೇಶವನ್ನು ನಾನು ಒಪ್ಪಲಾರೆ. ಇದಕ್ಕೆ ತಲೆಯಾಡಿಸುವ ವೈದ್ಯರೂ ಉಂಟು.

ಶ್ವಾಸಕೋಶದ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಪಕ್ಕೆಲುಬುಗಳ ನಡುವೆ ಕೊಯ್ದು ಅವನ್ನು ಅಗಲಿಸುತ್ತಾರೆ. ಪಕ್ಕೆಲುಬಿನ ಕೆಳ ಅಂಚಿನಲ್ಲೇ ನರ ಹಾದುಹೋಗುತ್ತದೆ. ಗಾಯವಾದ ಕೈಯನ್ನು ಅಲುಗಿಸದೆ ಇರಬಹುದು. ಎದೆಗೆ ಆ ಬಿಡುವಿಲ್ಲ, ಉಸಿರಾಡಲೇಬೇಕು. ನೋವಿಗೆ ಅಂಜಿದ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿಕೊಳ್ಳುತ್ತದೆ, ಶ್ವಾಸಕೋಶದ ಭಾಗ ಕುಸಿಯಬಹುದು, ನ್ಯುಮೋನಿಯಾ ತಗುಲಬಹುದು. ನಾವು ಕೊಂಡಾಡುವ ಸಹನೆಯ ಫಲವಿದು! ಇನ್ನು ಮಾರ್ಫಿನ್ ಒಂದನ್ನೇ ನೆಚ್ಚಿದರೆ ಮಂಪರು, ವಾಕರಿಕೆ, ಮಲಬದ್ಧತೆ. ಪ್ರಮಾಣ ಮೀರಿದರೆ ಉಸಿರಾಟವೇ ಮಂದವಾಗುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ, ನರಗಳು ಹೊರಬರುವಲ್ಲಿಯೇ ಮರಗಟ್ಟಿಸುವ ಔಷಧ ಹಾಕುವ ‘ಪ್ಯಾರಾವರ್ಟಿಬ್ರಲ್ ಬ್ಲಾಕ್’ ಅನ್ನು ಜರ್ಮನಿಯ ಸೆಲ್‌ಹೈಮ್ 1905ರಲ್ಲೇ ಆರಂಭಿಸಿದ್ದರು. ಬೆನ್ನಿನ ಸ್ನಾಯುವಿನ ಅಡಿಯಲ್ಲಿ ಔಷಧ ಹರಡುವ ‘ಎರೆಕ್ಟರ್ ಸ್ಪೈನೀ’ ಬ್ಲಾಕನ್ನು ಫೊರೇರೊ ಮತ್ತು ಸಂಗಡಿಗರು 2016ರಲ್ಲಿ ವರದಿ ಮಾಡಿದರು. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯನ್ನು ನೋಡುತ್ತಲೇ ಇವನ್ನು ಕೊಡಬಹುದು; ತೆಳುವಾದ ನಳಿಕೆ ಇರಿಸಿದರೆ ಕೆಲವು ದಿನ ಔಷಧ ಹರಿಸಬಹುದು. ನೋವೆಲ್ಲ ಮಾಯವಾಗುತ್ತದೆಂದು ನಾನು ಹೇಳುತ್ತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ವಿಶೇಷ ಎಚ್ಚರವೂ ಬೇಕು.

ಆದರೆ ನಾವು ಕೇಳುವುದೇ ಇಲ್ಲವಲ್ಲ! ಕೋಣೆಯ ಬಾಡಿಗೆ, ಶಸ್ತ್ರಚಿಕಿತ್ಸಕರ ಕೀರ್ತಿ, ಒಳ್ಳೆಯ ಮುಹೂರ್ತ ಎಲ್ಲವನ್ನೂ ವಿಚಾರಿಸುತ್ತೇವೆ. ಅರಿವಳಿಕೆ ತಜ್ಞರ ಮುಖವನ್ನೂ ಕಂಡಿರುವುದಿಲ್ಲ. ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯಲ್ಲಿ ಅಂಥ ಸಂದರ್ಭ ಬಂದರೆ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ಅವರನ್ನು ಕಂಡು ಕೇಳಿ: ಮರುದಿನ ರೋಗಿ ಕೆಮ್ಮುವಂತಾಗಲು ಏನು ಮಾಡುತ್ತೀರಿ? ನರಕ್ಕೆ ಬ್ಲಾಕ್ ಕೊಡುವಿರಾ? ಇಲ್ಲವಾದರೆ, ಏಕೆ?