ಮುತ್ತಜ್ಜಿಯ ಹೆಸರು ಯಾವ ಕಡತದಲ್ಲಿದೆ?

ಬೈಕುಲ್ಲಾದ ಜೆ.ಜೆ. ಆಸ್ಪತ್ರೆಯ ಆವರಣದಲ್ಲಿರುವ ಗ್ರಾಂಟ್ ಮೆಡಿಕಲ್ ಕಾಲೇಜಿಗೆ ಸರ್ ರಾಬರ್ಟ್ ಗ್ರಾಂಟ್ ಅವರ ಹೆಸರು. 1835ರಿಂದ 1838ರಲ್ಲಿ ತೀರಿಕೊಳ್ಳುವ ತನಕ ಅವರು ಮುಂಬಯಿಯ ಗವರ್ನರ್. ಗ್ರಾಂಟ್ ರೋಡ್ ಕೂಡ ಅವರ ನೆನಪಿನದೇ. ಅದೇ ವರ್ಷಗಳಲ್ಲಿ ಅವರ ಅಣ್ಣ ಚಾರ್ಲ್ಸ್, ಅಂದರೆ ಲಾರ್ಡ್ ಗ್ಲೆನೆಲ್ಗ್, ಲಂಡನ್ನಿನಲ್ಲಿ ವಸಾಹತು ಖಾತೆಯ ಮಂತ್ರಿಯಾಗಿದ್ದರು. ಗುಲಾಮರು ಸ್ವತಂತ್ರರಾದರೆ ಕಬ್ಬಿನ ಗದ್ದೆ ಬೀಳುಬೀಳುತ್ತದೆಂದು ಹೆದರಿದ ತೋಟದೊಡೆಯ ಜಾನ್ ಗ್ಲಾಡ್‌ಸ್ಟನ್ ಭಾರತದಿಂದ ಕೂಲಿಗಳನ್ನು ತರಿಸಲು ಅನುಮತಿ ಕೇಳಿದಾಗ ಒಪ್ಪಿಗೆ ಕೊಟ್ಟದ್ದು ಈ ಅಣ್ಣನೇ. 1838ರ ಮೇ 5ರಂದು ವಿಟ್‌ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯ ಕೂಲಿಗಳನ್ನು ಇಂದಿನ ಗಯಾನಾದ ದಡಕ್ಕೆ ಇಳಿಸಿದವು. 1917ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಕೆರಿಬಿಯನ್ ಸೇರಿದ ಭಾರತೀಯರು ಸುಮಾರು ಐದು ಲಕ್ಷ.

ಅವರ ಮರಿಮಕ್ಕಳು ಇವತ್ತು ಊರು ಹುಡುಕಿಕೊಂಡು ಬರುತ್ತಾರೆ. ಟ್ರಿನಿಡಾಡ್‌ನ ಪ್ರಧಾನಿಯಾಗಿದ್ದ ಕಮಲಾ ಪರ್ಸಾದ್ ಬಿಸ್ಸೇಸರ್ 2012ರ ಜನವರಿಯಲ್ಲಿ ಬಿಹಾರದ ಬಕ್ಸರ್ ಜಿಲ್ಲೆಯ ಭೇಲುಪುರಕ್ಕೆ ಬಂದರು. ಅದು ಅವರ ಮುತ್ತಜ್ಜನ ಊರು. ಇಂಥ ಹುಡುಕಾಟ ಸಾಧ್ಯವಾಗುವುದು ಒಂದು ಹಾಳೆಯಿಂದ. ಹಡಗು ಹತ್ತುವ ಮುನ್ನ ಡಿಪೋದಲ್ಲಿ ಪ್ರತಿಯೊಬ್ಬರಿಗೂ ಒಂದು ವಲಸೆ ಪಾಸು ಬರೆಯುತ್ತಿದ್ದರು. ಹಡಗಿನ ಹೆಸರು, ನಂಬರು, ಆಮೇಲೆ ಆಳಿನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಜಿಲ್ಲೆ, ಠಾಣೆ, ಹಳ್ಳಿ, ಹತ್ತಿರದ ಸಂಬಂಧಿ ಯಾರು, ಮೈಮೇಲೆ ಯಾವ ಗಾಯದ ಕಲೆ ಇದೆ. ಓಡಿಹೋದರೆ ಹಿಡಿಯಲು ಬರೆದಿಟ್ಟ ಆ ಕಲೆಯ ಗುರುತೇ ಇಂದು ಮೊಮ್ಮಗಳಿಗೆ ತನ್ನ ಹಿರಿಯನ ಮೈಯ ಬಗ್ಗೆ ಗೊತ್ತಿರುವ ಏಕೈಕ ವಿವರವಾಗಿರಬಹುದು.

ಅದೇ ದ್ವೀಪಗಳ ಆಫ್ರಿಕನ್ ಮೂಲದವರಿಗೆ ಇಷ್ಟೂ ಸಿಗುವುದಿಲ್ಲ. ಗುಲಾಮಗಿರಿಯನ್ನು ರದ್ದು ಮಾಡಿದ 1833ರ ಕಾಯ್ದೆಯಲ್ಲಿ ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಘೋಷಿಸಿತು. ಅದು ಸಂದದ್ದು ಗುಲಾಮರಿಗಲ್ಲ, ಒಡೆಯರಿಗೆ. ಅದಕ್ಕಾಗಿ ಎತ್ತಿದ ಸಾಲದ ಲೆಕ್ಕ ಚುಕ್ತಾ ಆದದ್ದು 2015ರಲ್ಲಿ. ಗ್ಲಾಡ್‌ಸ್ಟನ್ ಒಬ್ಬರಿಗೇ 2,508 ಗುಲಾಮರ ಲೆಕ್ಕದಲ್ಲಿ 1 ಲಕ್ಷದ 6 ಸಾವಿರಕ್ಕೂ ಹೆಚ್ಚು ಪೌಂಡ್ ಸಂದಿತು. ಆದರೆ ಗುಲಾಮರನ್ನು ಹೀಗೆ ಆಸ್ತಿಯಂತೆ ಎಣಿಸಿದ್ದರಿಂದಲೇ ಪಟ್ಟಿಗಳು ಉಳಿದವು. ಬಾರ್ಬಡೋಸ್‌ನ ಮೊಮ್ಮಗನಿಗೆ ಆಫ್ರಿಕಾದ ಹಳ್ಳಿ ಸಿಗದಿದ್ದರೂ ಅಜ್ಜಿ ದುಡಿದ ತೋಟದ ಹೆಸರು ಸಿಗುತ್ತದೆ.

ಭಾರತದಲ್ಲಿ ಆ ಪಟ್ಟಿಯೂ ಇಲ್ಲ. 1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ನಾಡನ್ನು ಬೇಕೆಂದೇ ಹೊರಗಿಟ್ಟಿತು. ಇಲ್ಲಿ 1843ರಲ್ಲಿ ಬಂದ ಐದನೇ ಕಾಯ್ದೆ, ಗುಲಾಮನ ಮೇಲೆ ಒಡೆಯನಿಗಿರುವ ಹಕ್ಕನ್ನು ಕೋರ್ಟು ಮನ್ನಿಸುವುದಿಲ್ಲ ಎಂದಿತು, ಅಷ್ಟೇ. ಪರಿಹಾರವಿಲ್ಲದ್ದರಿಂದ ಎಣಿಕೆಯಿಲ್ಲ, ಎಣಿಕೆಯಿಲ್ಲದ್ದರಿಂದ ಹೆಸರಿಲ್ಲ. ಇದರ ಭಾರ ಹೊತ್ತವರು ಉತ್ತರ ಕನ್ನಡದ ಸಿದ್ದಿಗಳು.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಆಡುತ್ತ ಬದುಕುವ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಿರಿಯರಲ್ಲಿ ಬಹುಪಾಲು ಜನ ಪೂರ್ವ ಆಫ್ರಿಕಾದಿಂದ, ಅದರಲ್ಲೂ ಮೊಜಾಂಬಿಕ್ ಕಡೆಯಿಂದ, ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದವರು. ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿದವರು. ಎಷ್ಟೋ ಜನ ಹೆಸರಿನ ಮುಂದೆ ಹಾಕಿಕೊಳ್ಳುವುದು ಮನೆತನದ ಹೆಸರಲ್ಲ, ‘ಸಿದ್ದಿ’ ಎಂದು ಮಾತ್ರ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಮುತ್ತಜ್ಜಿ ಯಾರು ಎಂಬ ಪ್ರಶ್ನೆಗೆ ಮಾತ್ರ ಸರ್ಕಾರದ ಯಾವ ಕಚೇರಿಯೂ ಇನ್ನೂ ಕೈ ಹಾಕಿಲ್ಲ.

ವಿಜ್ಞಾನ ಕೈಹಾಕಿತು. ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಸಿದ್ದಿಗಳ ರಕ್ತದಲ್ಲಿ ಆಫ್ರಿಕಾದ ಬಂಟು ಜನರ ಜೊತೆಗೆ ಭಾರತೀಯ ಹಾಗೂ ಯುರೋಪಿಯನ್ ಮೂಲವನ್ನೂ ತೋರಿಸಿತು. ಬೆಲೆಯುಳ್ಳ ಕೆಲಸ, ಸಂಶಯವಿಲ್ಲ. ಆದರೆ ಡಿಎನ್‌ಎ ಖಂಡವನ್ನು ಹೇಳುತ್ತದೆ, ಜನಾಂಗವನ್ನು ಹೇಳುತ್ತದೆ; ಯಾವ ವರ್ಷ, ಯಾವ ಹಡಗು, ಯಾರ ಮನೆಗೆ, ಯಾವ ಹೆಸರಿನಲ್ಲಿ ಎಂದು ಹೇಳಲಾರದು. ಅದಕ್ಕೆ ಕಾಗದವೇ ಬೇಕು.

ಕಾಗದ ಪೂರ್ತಿ ಇಲ್ಲವೆನ್ನುವಂತಿಲ್ಲ. ಬಲವಿದ್ದ ಸಿದ್ದಿಗಳು ಚರಿತ್ರೆಯಲ್ಲಿ ಚೆನ್ನಾಗಿಯೇ ದಾಖಲಾಗಿದ್ದಾರೆ. ಜಂಜಿರಾದ ಸಿದ್ದಿ ಯಾಕೂತ್ ಖಾನ್ 1689ರಲ್ಲಿ ಇಂಗ್ಲಿಷರ ಮುಂಬಯಿಗೆ ನುಗ್ಗಿ, ಬೈಕುಲ್ಲಾಕ್ಕೆ ಅಂಟಿಕೊಂಡಿರುವ ಮಝಗಾಂವನ್ನು ವಶಪಡಿಸಿಕೊಂಡದ್ದು ಎಲ್ಲ ಪುಸ್ತಕಗಳಲ್ಲೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ಅರಬ್ಬೀ ಹಾಯಿಹಡಗುಗಳಿಂದ ಬಿಡಿಸಿದ ಆಫ್ರಿಕನ್ ಮಕ್ಕಳನ್ನು ಇದೇ ಮುಂಬಯಿಗೆ ತಂದು ಇಳಿಸುತ್ತಿತ್ತು. ಅವರಲ್ಲಿ ಹಲವರನ್ನು ನಾಸಿಕದ ಶರಣಪುರದಲ್ಲಿ ಮಿಷನರಿಗಳು ಓದಿಸಿದರು. ಹಾಗೆ ಓದಿದ ಜೇಕಬ್ ವೇನ್‌ರೈಟ್ ಮುಂದೆ ಅನ್ವೇಷಕ ಲಿವಿಂಗ್‌ಸ್ಟನ್ನರ ಶವದೊಂದಿಗೆ ಆಫ್ರಿಕಾದ ಒಳನಾಡಿನಿಂದ ಕರಾವಳಿಗೆ ನಡೆದು, 1874ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯವರೆಗೂ ಹೋದ. ಅವನು ಬರೆದ ದಿನಚರಿ ಇವತ್ತಿಗೂ ಇದೆ. ಯಾರಾದರೂ ಬರೆದಿಟ್ಟ ಕಡೆ ಮನುಷ್ಯ ಉಳಿಯುತ್ತಾನೆ.

ಉತ್ತರ ಕನ್ನಡದ ವಿಷಯದಲ್ಲಿ ಮುಂಬಯಿಗೆ ಇನ್ನೂ ನೇರವಾದ ಹೊಣೆಯಿದೆ. 1862ರಲ್ಲಿ ಆ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರವರೆಗೆ ಇಲ್ಲಿಂದಲೇ ಆಡಳಿತ. ಕಂದಾಯ, ಅರಣ್ಯ, ಪೊಲೀಸ್ ಪತ್ರವ್ಯವಹಾರಕ್ಕೆ ತಲೆಯೂರು ಮುಂಬಯಿ. 1883ರ ಕೆನರಾ ಗೆಜೆಟಿಯರ್‌ನಲ್ಲಿ ಸಿದ್ದಿಗಳ ಪ್ರಸ್ತಾಪ ಬರುತ್ತದೆ, ಆದರೆ ಒಂದು ಜಾತಿಯಾಗಿ ಮಾತ್ರ, ವ್ಯಕ್ತಿಗಳಾಗಿ ಅಲ್ಲ. ವ್ಯಕ್ತಿಗಳನ್ನು ಹುಡುಕಬೇಕಾದರೆ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದ ಕಡತಗಳಿಗೆ ಇಳಿಯಬೇಕು. ಆ ಜಾಗಕ್ಕೆ ಹೆಸರು ತಂದ, ಕಪ್ಪು ಕುದುರೆ ಏರಿದ ಇಂಗ್ಲಿಷ್ ದೊರೆಯ ಪ್ರತಿಮೆಯನ್ನು 1965ರಲ್ಲಿ ಬೈಕುಲ್ಲಾದ ರಾಣಿಬಾಗ್‌ಗೆ ಸಾಗಿಸಿ ಜೋಪಾನ ಮಾಡಲಾಗಿದೆ. ದೊರೆಯ ಕಂಚಿಗೆ ಸಿಕ್ಕ ಜೋಪಾನದಲ್ಲಿ ಅರ್ಧದಷ್ಟಾದರೂ ಆಳುಗಳ ಹೆಸರಿಗೆ ಸಿಗಬೇಕು ಎಂದು ಕೇಳುವುದು ಅತಿಯಾಸೆಯೇನಲ್ಲ.

ಇನ್ನೊಂದು ದಾರಿ ಪಣಜಿಯಲ್ಲಿ ತೆರೆಯುತ್ತದೆ. ಪೋರ್ಚುಗೀಸರು 1869ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವವರೆಗೆ ಗೋವಾದಲ್ಲಿ ಜನರನ್ನು ಕೊಂಡರು, ಮಾರಿದರು, ದೀಕ್ಷಾಸ್ನಾನ ಮಾಡಿಸಿದರು. ಆ ಆಡಳಿತದ ಕಾಗದಗಳು ಗೋವಾ ಪತ್ರಾಗಾರದಲ್ಲಿವೆ. ಇಗರ್ಜಿಗಳಿಗೆ ತಮ್ಮದೇ ದಾಖಲೆ ಪುಸ್ತಕಗಳಿವೆ. ಹಳೆಯ ಪೋರ್ಚುಗೀಸ್ ಕೈಬರಹ ಓದಬಲ್ಲವರು ಇನ್ನೂ ಸಿಗುತ್ತಾರೆ, ಆದರೆ ವರ್ಷ ಕಳೆದಂತೆ ಕಡಿಮೆಯಾಗುತ್ತಿದ್ದಾರೆ.

ಸುರಿನಾಮ್ ಈ ಕೆಲಸ ಮಾಡಿ ತೋರಿಸಿದೆ. ಅಲ್ಲಿಯ ಆಂಟನ್ ಡೆ ಕೊಮ್ ವಿಶ್ವವಿದ್ಯಾಲಯ ಮತ್ತು ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯ 2017ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಿದವು. ಸ್ವಯಂಸೇವಕರು ಮನೆಯಲ್ಲೇ ಕುಳಿತು 1830ರಿಂದ 1863ರವರೆಗಿನ ಗುಲಾಮರ ದಾಖಲೆ ಪುಸ್ತಕಗಳನ್ನು ಸಾಲು ಸಾಲಾಗಿ ಟೈಪ್ ಮಾಡಿದರು. 2018ರಿಂದ ಯಾರು ಬೇಕಾದರೂ ಫೋನಿನಲ್ಲೇ ತಮ್ಮ ಹಿರಿಯರನ್ನು ಹುಡುಕಬಹುದು. ಕರ್ನಾಟಕ, ಗೋವಾ, ಮಹಾರಾಷ್ಟ್ರ ಸರ್ಕಾರಗಳು ಗಡಿ, ನದಿ ನೀರಿನ ವಿಷಯಕ್ಕೆ ಎದುರುಬದುರು ಕೂರುತ್ತವೆ. ಈ ಒಂದು ವಿಷಯಕ್ಕೆ ಅಕ್ಕಪಕ್ಕ ಕೂರಬಹುದು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಪದವಿ ಮುಗಿಸಿದ ಸಿದ್ದಿ ಹುಡುಗ ಹುಡುಗಿಯರಿಗೆ ಪೋರ್ಚುಗೀಸ್ ಕಲಿಯಲು, ಪಣಜಿಯಲ್ಲೂ ಮುಂಬಯಿಯಲ್ಲೂ ಉಳಿದು ಕಡತ ಓದಲು ಶಿಷ್ಯವೇತನ ಕೊಟ್ಟು ಕೆಲಸ ಶುರು ಮಾಡಬಹುದು. ಸಿಕ್ಕ ಹೆಸರುಗಳನ್ನು ಮೊದಲು ಓದಿ ಹೇಳಬೇಕಾದದ್ದು ಯಲ್ಲಾಪುರ, ಹಳಿಯಾಳದ ಸಿದ್ದಿ ಕೇರಿಗಳಲ್ಲಿ. ವಿದೇಶಿ ಜರ್ನಲ್‌ಗಳಿಗೆ ಲೇಖನ ಕಳಿಸುವುದು ಆಮೇಲಾದರೂ ನಡೆಯುತ್ತದೆ.