ಬಂದರು ಬಾಗಿಲು ಹಾಕಿದರೆ ನಾವಿಕರು ಎಲ್ಲಿಗೆ ಹೋಗಬೇಕು?

ಸಾಂಕ್ರಾಮಿಕದ ಕಾಲದಲ್ಲಿ ಸರಕಿಗೆ ಸಿಕ್ಕ ದಾರಿ ಅದನ್ನು ತಂದ ಮನುಷ್ಯರಿಗೆ ಸಿಗಲಿಲ್ಲ. ಮುಂದಿನ ಸಲ ಹಾಗಾಗದಂತೆ ಈಗಲೇ ಸಿದ್ಧತೆ ಆಗಬೇಕು.

2020ರ ಮಾರ್ಚ್ 7ರಂದು ಎಂ.ಎಸ್.ಸಿ. ಲಿರಿಕಾ ಎಂಬ ಪ್ರವಾಸಿ ಹಡಗಿಗೆ ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಪ್ರವೇಶ ಸಿಗಲಿಲ್ಲ. ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬರಲು ಇನ್ನೂ ಎರಡು ವಾರಕ್ಕೂ ಹೆಚ್ಚು ಸಮಯವಿತ್ತು. ಕೊರೊನಾ ಹೇಗೆ ಹರಡುತ್ತದೆ ಎಂಬುದೇ ಸರಿಯಾಗಿ ಗೊತ್ತಿರದ ಆ ದಿನಗಳಲ್ಲಿ ಊರನ್ನು ಕಾಯಲು ತೆಗೆದುಕೊಂಡ ಆ ನಿರ್ಧಾರವನ್ನು ಸುಲಭವಾಗಿ ದೂರುವಂತಿಲ್ಲ. ಆದರೆ ನಂತರದ ವಾರಗಳಲ್ಲಿ ಜಗತ್ತಿನ ಬಹುತೇಕ ಬಂದರುಗಳು ಇದಕ್ಕಿಂತ ವಿಚಿತ್ರವಾದ ನಿಯಮ ಪಾಲಿಸಿದವು. ಸರಕು ಇಳಿಯಬಹುದು, ಸರಕು ತಂದವರು ಇಳಿಯುವಂತಿಲ್ಲ. ತುರ್ತಿನ ದಿನಗಳಲ್ಲಿ ಹುಟ್ಟಿದ ಈ ನಿಯಮ ತಿಂಗಳುಗಟ್ಟಲೆ ಮುಂದುವರಿದದ್ದು ಅನ್ಯಾಯ.

ಘಟ್ಟದ ಮೇಲಿನ ಕಮ್ಮರಡಿಯಲ್ಲಿ ಕುಳಿತವರಿಗೆ ಕಡಲಿನ ಈ ಮಾತು ಏಕೆ ಎಂದು ಯಾರಾದರೂ ಕೇಳಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಿಗೆ ಹಾಕುವ ಪೊಟ್ಯಾಷ್ ನಮ್ಮ ದೇಶದ ಗಣಿಯಿಂದ ಬರುವುದಿಲ್ಲ, ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಿನದು, ಮಂಗಳೂರಿನ ಸಂಸ್ಕರಣಾಗಾರದ ಕಚ್ಚಾ ತೈಲವೂ ಕಡಲ ದಾರಿಯಲ್ಲೇ ಬರುತ್ತದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಫಿ ವಿದೇಶಕ್ಕೆ ಹೋಗಬೇಕಾದರೂ ಹಡಗು ಬೇಕು. ಲಾಕ್‌ಡೌನ್ ಕಾಲದಲ್ಲಿ ಮನೆಬಾಗಿಲಿಗೆ ಸಿಲಿಂಡರ್ ಬಂದಿತ್ತೆಂದರೆ, ಎಲ್ಲೋ ನೀರಿನ ನಡುವೆ ಕೆಲವರು ಕೆಲಸ ನಿಲ್ಲಿಸಿರಲಿಲ್ಲ ಎಂದರ್ಥ.

ಅವರ ಪಾಡನ್ನು ಅರ್ಥ ಮಾಡಿಕೊಳ್ಳಲು ಮಲೆನಾಡಿನವರಿಗೆ ದೂರ ಹೋಗಬೇಕಿಲ್ಲ. ಆ ದಿನಗಳಲ್ಲಿ ಹೊರಗಿನವರು ಬಾರದಂತೆ ಎಷ್ಟೋ ಹಳ್ಳಿಗಳ ದಾರಿಗೆ ಮರದ ದಿಮ್ಮಿ, ಮುಳ್ಳುಬೇಲಿ ಅಡ್ಡ ಬಿದ್ದಿದ್ದವು. ಬೆಂಗಳೂರಿನಿಂದ ಹೊರಟ ಊರಿನ ಮಕ್ಕಳೇ ಆ ಬೇಲಿಯ ಆಚೆ ನಿಲ್ಲಬೇಕಾಯಿತು. ಮಂಗನ ಕಾಯಿಲೆಯ ಭಯ ಕಂಡ ಸೀಮೆ ಇದು, ಹಾಗಾಗಿ ಆ ಹೆದರಿಕೆ ಅರ್ಥವಾಗುವಂಥದ್ದೇ. ಆದರೂ ಬೇಲಿಯ ಆಚೆ ನಿಂತವರಿಗೆ ಕಾಲಡಿ ನೆಲವಿತ್ತು. ಕೆಲ ದಿನಗಳಲ್ಲಿ ಪಾಸ್, ಪರೀಕ್ಷೆ, ಕ್ವಾರಂಟೈನ್ ಎಂಬ ಕ್ರಮ ಬಂದು ದಾರಿ ತೆರೆಯಿತು. ನಾವಿಕರ ಬೇಲಿ ಮಾತ್ರ ವರ್ಷ ಕಳೆದರೂ ಪೂರ್ತಿ ತೆರೆಯಲಿಲ್ಲ.

ಹಡಗಿನ ಕೆಲಸದ ಲೆಕ್ಕ ನಿಂತಿರುವುದು ಹಡಗು ಹತ್ತುವ ಸೈನ್ ಆನ್, ಇಳಿಯುವ ಸೈನ್ ಆಫ್ ಎಂಬ ಎರಡು ಮಾತುಗಳ ಮೇಲೆ. ಕಾಂಟ್ರಾಕ್ಟ್ ಮುಗಿದವರು ಇಳಿಯಬೇಕಾದರೆ ಅವರ ಜಾಗಕ್ಕೆ ರಿಲೀವರ್, ಅಂದರೆ ಬದಲಿ ನಾವಿಕರು, ಬರಬೇಕು. ವಿಮಾನ ನಿಂತು, ವೀಸಾ ನಿಂತು, ಬಂದರು ಮುಚ್ಚಿದಾಗ ಹತ್ತುವವರು ಮನೆಯಲ್ಲಿ ಉಳಿದರು, ಇಳಿಯುವವರು ಹಡಗಿನಲ್ಲೇ ಉಳಿದರು. 2020ರ ಕೊನೆಯ ಹೊತ್ತಿಗೆ ಅವಧಿ ಮುಗಿದರೂ ಇಳಿಯಲಾಗದೆ ಸಿಲುಕಿದವರ ಸಂಖ್ಯೆ ಸುಮಾರು 4 ಲಕ್ಷ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅಂದಾಜಿಸಿತ್ತು. ಸರಿಸುಮಾರು ಅಷ್ಟೇ ಜನ ಹಡಗು ಹತ್ತಲಾಗದೆ, ಸಂಬಳವಿಲ್ಲದೆ ಮನೆಯಲ್ಲಿ ಕುಳಿತಿದ್ದರು. ನಾವಿಕರನ್ನು ಒದಗಿಸುವ ಮೊದಲ ಐದು ದೇಶಗಳಲ್ಲಿ ಭಾರತವೂ ಒಂದು. ಹಾಗಾಗಿ ಆ ಸಂಖ್ಯೆಯಲ್ಲಿ ನಮ್ಮವರ ಪಾಲು ಸಣ್ಣದಲ್ಲ.

ಜಗ್ ಆನಂದ್ ಎಂಬ ಭಾರತೀಯ ಹಡಗು ಆಸ್ಟ್ರೇಲಿಯದ ಕಲ್ಲಿದ್ದಲು ಹೊತ್ತು 2020ರ ಜೂನ್‌ನಲ್ಲಿ ಚೀನಾದ ಜಿಂಗ್‌ಟಾಂಗ್ ಬಂದರಿನ ಹೊರಗೆ ಲಂಗರು ಹಾಕಿತು. ಅದರಲ್ಲಿ 23 ಭಾರತೀಯರಿದ್ದರು. ಸೆಪ್ಟೆಂಬರ್‌ನಲ್ಲಿ 16 ಭಾರತೀಯರಿದ್ದ ಅನಸ್ತೇಸಿಯಾ ಎಂಬ ಇನ್ನೊಂದು ಹಡಗು ಕಾವೋಫೇಡಿಯನ್ ಬಂದರಿನ ಬಳಿ ನಿಂತಿತು. ಸರಕು ಇಳಿಸಲೂ ಬಿಡಲಿಲ್ಲ, ಜನರನ್ನು ಬದಲಿಸಲೂ ಬಿಡಲಿಲ್ಲ. ಇದಕ್ಕೆ ಚೀನಾ ಕೊಟ್ಟ ಕಾರಣ ಕೋವಿಡ್ ನಿಯಮ. ಚೀನಾ ಮತ್ತು ಆಸ್ಟ್ರೇಲಿಯದ ವ್ಯಾಪಾರದ ಜಗಳ ಅದರ ಹಿಂದಿತ್ತು ಎಂಬ ಮಾತೂ ಬಲವಾಗಿ ಕೇಳಿಬಂತು. ಕೊನೆಗೆ ಜಗ್ ಆನಂದ್ 2021ರ ಜನವರಿಯಲ್ಲಿ ಜಪಾನಿಗೆ ಹೋಗಿ ತನ್ನವರನ್ನು ಇಳಿಸಿತು. ಅನಸ್ತೇಸಿಯಾದವರು ಮನೆ ಸೇರಿದ್ದು ಫೆಬ್ರುವರಿಯಲ್ಲಿ. ಕಣ್ಣಿಗೆ ದಡ ಕಾಣುತ್ತಿರುವಾಗ ತಿಂಗಳುಗಟ್ಟಲೆ ಅದರ ಮೇಲೆ ಕಾಲಿಡಲಾಗದ ಸ್ಥಿತಿಯನ್ನು ಸೆರೆ ಎನ್ನದೆ ಬೇರೇನು ಎನ್ನಬೇಕು?

ಕಾನೂನು ಇಲ್ಲದೆ ಹೀಗಾಯಿತು ಎನ್ನುವಂತೆಯೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ರೂಪಿಸಿದ ಕಡಲ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂತು, 2015ರಲ್ಲಿ ಭಾರತ ಅದನ್ನು ಅನುಮೋದಿಸಿತು. ನಾವಿಕರನ್ನು ಹನ್ನೆರಡು ತಿಂಗಳು ತುಂಬುವ ಮೊದಲೇ ಮನೆಗೆ ಕಳಿಸಬೇಕು, ಆ ಖರ್ಚು ಮಾಲೀಕರದು, ಕಾಯಿಲೆ ಬಿದ್ದವರಿಗೆ ದಡದಲ್ಲಿ ಚಿಕಿತ್ಸೆ ಸಿಗಬೇಕು ಎಂದು ಅದು ಹೇಳುತ್ತದೆ. ಸಾಂಕ್ರಾಮಿಕದ ನೆಪದಲ್ಲಿ ಸರಕಾರಗಳು ಈ ಹಕ್ಕುಗಳನ್ನು ಬದಿಗಿಟ್ಟವು. ಒಪ್ಪಂದದ ಪಾಲನೆಯನ್ನು ಪರಿಶೀಲಿಸುವ ತಜ್ಞರ ಸಮಿತಿ 2020ರ ಡಿಸೆಂಬರ್‌ನಲ್ಲಿ ಇದನ್ನು ಸ್ಪಷ್ಟವಾಗಿ ದಾಖಲಿಸಿತು. ಅದೇ ತಿಂಗಳ ಮೊದಲ ದಿನ ವಿಶ್ವಸಂಸ್ಥೆಯ ಮಹಾಸಭೆಯೂ ನಾವಿಕರನ್ನು ಅತ್ಯಗತ್ಯ ಕೆಲಸಗಾರರೆಂದು ಗುರುತಿಸಲು ಕರೆ ಕೊಟ್ಟಿತು. ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿದ್ದವು.

ರೋಗ ಒಳಗೆ ಬಂದರೆ ಹೊಣೆ ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಡಗಿನೊಳಗೇ ಜನರನ್ನು ಕೂಡಿಹಾಕಿದರೆ ಏನಾಗುತ್ತದೆ ಎಂಬುದನ್ನು ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗು ತೋರಿಸಿತು. ಅದರಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಸೋಂಕು ತಗಲಿತು. ಪ್ರಯಾಣಿಕರು ತಮ್ಮ ಕೋಣೆಗಳಲ್ಲಿ ಪ್ರತ್ಯೇಕವಾಗಿದ್ದರೆ, ಸಿಬ್ಬಂದಿ ಅವರಿಗೆ ಅಡುಗೆ ಮಾಡಿ, ಬಾಗಿಲು ಬಾಗಿಲಿಗೆ ಊಟ ಮುಟ್ಟಿಸಿ, ಹಂಚಿಕೊಂಡ ಇಕ್ಕಟ್ಟಿನ ಕ್ಯಾಬಿನ್‌ಗೆ ಮರಳಿ ಮಲಗುತ್ತಿದ್ದರು. ಆ ಸಿಬ್ಬಂದಿಯಲ್ಲಿ 132 ಭಾರತೀಯರಿದ್ದರು, ನಮ್ಮ ಕಾರವಾರದ ಯುವಕರೊಬ್ಬರೂ ಇದ್ದರು. ಪರೀಕ್ಷೆ ಮಾಡಿ ಕ್ರಮಬದ್ಧವಾಗಿ ಇಳಿಸುವುದು ನಾವಿಕರಿಗೂ ಊರಿಗೂ ಕ್ಷೇಮ.

ಅದು ಸಾಧ್ಯ ಎಂದು ಭಾರತವೇ ತೋರಿಸಿದೆ. 2020ರ ಏಪ್ರಿಲ್ 21ರಂದು ಕೇಂದ್ರ ಗೃಹ ಸಚಿವಾಲಯ ನಾವಿಕರ ಸೈನ್ ಆನ್, ಸೈನ್ ಆಫ್‌ಗೆ ಮಾರ್ಗಸೂಚಿ ಹೊರಡಿಸಿತು. ವೈದ್ಯರ ತಪಾಸಣೆ, ಕೋವಿಡ್ ಪರೀಕ್ಷೆ, ಫಲಿತಾಂಶ ಬರುವವರೆಗೆ ಕ್ವಾರಂಟೈನ್, ನಂತರ ಊರಿಗೆ ಹೋಗಲು ಪಾಸ್. ಎರಡೇ ದಿನದಲ್ಲಿ ಮರೆಲ್ಲಾ ಡಿಸ್ಕವರಿ ಹಡಗಿನಲ್ಲಿದ್ದ ಭಾರತೀಯ ಸಿಬ್ಬಂದಿ ಮುಂಬೈನಲ್ಲಿ ಇಳಿದರು. ಮನಸ್ಸು ಮಾಡಿದರೆ ದಾರಿ ಇತ್ತು. ಲಾಕ್‌ಡೌನ್ ಆದೇಶದ ಜೊತೆಗೇ ಅದು ಸಿದ್ಧವಿರಬೇಕಿತ್ತು.

ಹಾಗಾಗಿ ಈಗ ಆಗಬೇಕಾದ ಕೆಲಸ ಸ್ಪಷ್ಟ. ನವ ಮಂಗಳೂರು ಮತ್ತು ಕಾರವಾರ ಬಂದರುಗಳ ವಿಪತ್ತು ಯೋಜನೆಯಲ್ಲಿ ನಾವಿಕರ ಬದಲಾವಣೆಯ ಕ್ರಮ ಮೊದಲೇ ಬರೆದಿರಬೇಕು. ಪರೀಕ್ಷೆ ಎಲ್ಲಿ, ವಾಸ್ತವ್ಯ ಎಲ್ಲಿ, ಪಾಸ್ ಕೊಡುವವರು ಯಾರು ಎಂಬುದು ಅದರಲ್ಲಿರಬೇಕು. ಹಲವು ವೈದ್ಯಕೀಯ ಕಾಲೇಜುಗಳಿರುವ ಮಂಗಳೂರಿನಲ್ಲಿ ಕಾಯಿಲೆ ಬಿದ್ದ ನಾವಿಕರನ್ನು ಯಾವ ದೇಶದವರೆಂದು ನೋಡದೆ ಇಳಿಸಿಕೊಳ್ಳುವ ವ್ಯವಸ್ಥೆ ಕಷ್ಟವಲ್ಲ. ರಾಜ್ಯ ಸರಕಾರ ತನ್ನ ಅತ್ಯಗತ್ಯ ಸೇವೆಗಳ ಪಟ್ಟಿಗೆ ನಾವಿಕರನ್ನು ಸೇರಿಸಬೇಕು. ಲಸಿಕೆಯಲ್ಲೂ ಅವರಿಗೆ ಆದ್ಯತೆ ಬೇಕು. 2021ರಲ್ಲಿ ಕೆಲಸಕ್ಕಾಗಿ ವಿದೇಶಕ್ಕೆ ಹೋಗುವವರಿಗೆ ಕೋವಿಶೀಲ್ಡ್ ಲಸಿಕೆಯ ಎರಡನೇ ಡೋಸಿನ ಅಂತರವನ್ನು 84 ದಿನದಿಂದ 28 ದಿನಕ್ಕೆ ಇಳಿಸಿದ್ದು ಜೂನ್‌ನಲ್ಲಿ. ಅಂಥ ವಿನಾಯಿತಿಗೆ ಮುಂದೆ ಕಾಯುವಂತಾಗಬಾರದು. ಬಂದರಿನಲ್ಲಿ ಕೊಟ್ಟ ಪಾಸಿಗೆ ಗ್ರಾಮ ಪಂಚಾಯಿತಿವರೆಗೂ ಮಾನ್ಯತೆ ಇರಬೇಕು. ಹಡಗಿನಿಂದ ಇಳಿದವರನ್ನು ಊರಿನ ಗಡಿಯಲ್ಲಿ ಮತ್ತೆ ತಡೆದರೆ ಉಳಿದೆಲ್ಲ ವ್ಯವಸ್ಥೆಯೂ ವ್ಯರ್ಥ.

ಕುಟುಂಬಗಳಿಗೂ ಒಂದು ಆಸರೆ ಬೇಕು. ಸಂಬಳ ಕೊಡದೆ, ಊಟ ಒದಗಿಸದೆ ಮಾಲೀಕರು ಹಡಗನ್ನೇ ಕೈಬಿಡುವ ಪ್ರಕರಣಗಳು ಸಾಂಕ್ರಾಮಿಕ ಮುಗಿದ ಮೇಲೂ ಏರುತ್ತಿವೆ. 2024ರಲ್ಲಿ ಹೀಗೆ ಅನಾಥರಾದ 3,133 ನಾವಿಕರಲ್ಲಿ 899 ಮಂದಿ ಭಾರತೀಯರು ಎಂದು ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ ಲೆಕ್ಕ ಕೊಟ್ಟಿದೆ. ಬೇರಾವ ದೇಶದವರೂ ಇಷ್ಟೊಂದು ಜನ ಇರಲಿಲ್ಲ. ಮಗ ಯಾವ ಬಂದರಿನಲ್ಲಿದ್ದಾನೆ, ಯಾರಿಗೆ ಅರ್ಜಿ ಕೊಡಬೇಕು ಎಂದು ತಾಯಿ ತಂದೆ ಕಚೇರಿಯಿಂದ ಕಚೇರಿಗೆ ಅಲೆಯಬಾರದು. ಕನ್ನಡದಲ್ಲಿ ಉತ್ತರಿಸುವ ಒಂದು ಸಹಾಯವಾಣಿ ಮಂಗಳೂರಿನಲ್ಲಿರಲಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗಿನ ಅಡುಗೆಮನೆ ಸೇರಬಯಸುವ ಹುಡುಗರಿಗೆ, ನೇಮಕಾತಿ ಏಜೆಂಟರ ಪರವಾನಗಿ ಅಸಲಿಯೇ ಎಂದು ಹಣ ಕೊಡುವ ಮೊದಲೇ ಅಲ್ಲಿ ತಿಳಿಯುವಂತಾಗಲಿ.

ಇದಕ್ಕೆಲ್ಲ ದೊಡ್ಡ ಮೊತ್ತದ ಹಣ ಬೇಕಿಲ್ಲ, ಮುಂಚೆಯೇ ಬರೆದಿಟ್ಟ ಆದೇಶ ಮತ್ತು ಅದಕ್ಕೆ ಹೊಣೆಯಾಗುವ ಒಬ್ಬ ಅಧಿಕಾರಿ ಬೇಕು. ಮುಂದಿನ ಸಾಂಕ್ರಾಮಿಕ ಎಂದು ಬರುತ್ತದೋ ಹೇಳಲಾಗದು. ಆದರೆ ಅದು ಬಂದಾಗಲೂ ಹಡಗುಗಳು ಓಡಲೇಬೇಕು ಎಂದು ನಾವೆಲ್ಲ ಬಯಸುತ್ತೇವೆ. ಹಾಗಿದ್ದಮೇಲೆ ಅವುಗಳನ್ನು ಓಡಿಸುವವರು ಗಡುವಿಗೆ ಸರಿಯಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು ದಯೆಯ ಮಾತಲ್ಲ, ಭಾರತ ಸಹಿ ಹಾಕಿ ಒಪ್ಪಿಕೊಂಡ ಕರ್ತವ್ಯ.