ಶುಲ್ಕ ಕಟ್ಟುವ ಮೊದಲು ಪ್ಲಾನ್ ಕೇಳಿ

ನಾನು ಹೊನ್ನಾವರದವನು, ಸಿವಿಲ್ ಬಿಇ ಓದುತ್ತಿದ್ದೇನೆ. ರಜೆಯಲ್ಲಿ ಆಟೋಕ್ಯಾಡ್ ಚೆನ್ನಾಗಿ ಕಲಿಯೋಣವೆಂದು ಕುಮಟಾ, ಭಟ್ಕಳ ಎರಡೂ ಕಡೆ ಅಲೆದೆ. ಒಂದು ಕಡೆ ಶುಲ್ಕದ ಪಟ್ಟಿ ಕೈಗಿಟ್ಟರು. ‘ಇಲ್ಲಿ ಕಲಿತವರು ಬಿಡಿಸಿದ ಒಂದು ಮನೆ ಪ್ಲಾನ್ ತೋರಿಸ್ತೀರಾ ಸರ್?’ ಎಂದೆ. ಗೋಡೆಯ ಮೇಲಿದ್ದ ಸರ್ಟಿಫಿಕೇಟ್ ತೋರಿಸಿದರು! ಹುಬ್ಬಳ್ಳಿಗೋ ಮಂಗಳೂರಿಗೋ ಹೋದರೆ ಶುಲ್ಕದ ಜೊತೆಗೆ ಪಿ.ಜಿ. ಬಾಡಿಗೆಯೂ ಸೇರುತ್ತದೆ.

ಆಮೇಲೆ ತಿಳಿಯಿತು, ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಆಟೋಕ್ಯಾಡ್, ರೆವಿಟ್ ಎರಡನ್ನೂ ಉಚಿತವಾಗಿ ಕೊಡುತ್ತದೆ. ಕಾಲೇಜಿನ ದಾಖಲೆ ಸಲ್ಲಿಸಿದರೆ 1 ವರ್ಷ ಬಳಸಬಹುದು, ಓದುವಷ್ಟು ಕಾಲ ನವೀಕರಿಸಬಹುದು. ಸಂಪಾದನೆಯ ಕೆಲಸಕ್ಕೆ ಮಾತ್ರ ಬಳಸುವಂತಿಲ್ಲ. ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಫ್ರೀಕ್ಯಾಡ್, ಲಿಬ್ರೆಕ್ಯಾಡ್ ಇವೆ. ಅವು ಎಲ್ಲರಿಗೂ ಉಚಿತ.

ಹಾಗಾದರೆ ಶುಲ್ಕ ಯಾವುದಕ್ಕೆ? ತಪ್ಪು ತಿದ್ದುವವರಿಗೆ. ನನ್ನದನ್ನು ತಿದ್ದಿದ್ದು ಊರಿನ ಮೇಸ್ತ್ರಿ. ನಮ್ಮ ಮನೆಯ ಕೋಣೆಗಳನ್ನೇ ಟೇಪು ಹಿಡಿದು ಅಳೆದು, ಪ್ಲಾನ್ ಬಿಡಿಸಿ ತೋರಿಸಿದೆ. ‘ತಮಾ, ಚಿರೆಕಲ್ಲಿನ ಗೋಡೆ ಇಷ್ಟು ತೆಳು ಇರ್ತದಾ?’ ಎಂದು ನಕ್ಕರು. ಗೋಡೆಯ ದಪ್ಪ ಅಳೆದೇ ಇರಲಿಲ್ಲ, ಪುಸ್ತಕದಲ್ಲಿದ್ದ ಇಟ್ಟಿಗೆ ಗೋಡೆಯ ಅಳತೆ ಹಾಕಿದ್ದೆ. ಹೊರಗಿನಿಂದ ಅಳೆದರೆ ಮನೆ ನನ್ನ ಪ್ಲಾನಿಗಿಂತ ಉದ್ದವಿತ್ತು. ಯಾವ ಸಾಫ್ಟ್‌ವೇರೂ ಇದನ್ನು ಹೇಳಿರಲಿಲ್ಲ.

ಆದರೆ ಲ್ಯಾಪ್‌ಟಾಪ್ ಇಲ್ಲದವರಿಗೆ ಉಚಿತ ಸಾಫ್ಟ್‌ವೇರ್ ಇದ್ದೂ ಇಲ್ಲದಂತೆ. ಐಟಿಐ ಮುಗಿಸಿದ ನನ್ನ ಗೆಳೆಯ ಮೊಬೈಲಿನಲ್ಲಿ ವಿಡಿಯೊ ನೋಡುತ್ತಾನೆ ಅಷ್ಟೆ, ಒಂದು ಗೆರೆ ಎಳೆದಿಲ್ಲ. ಮೂರೂ ತಾಲ್ಲೂಕಿನ ಕಾಲೇಜುಗಳು ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದು, ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬ ಎಂಜಿನಿಯರನ್ನು ತಿದ್ದಲು ಕರೆಯಲಿ. ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಂಡರೂ ಸರಿ, ನಾವು ಬರುತ್ತೇವೆ.